ಕೆಟ್ಟದ್ದು ಪೈಪೋ, ಅಂಟೋ?

ನಮಸ್ಕಾರ.

ಉಕ್ಕಿನ ನೀರಿನ ಪೈಪಿಗೆ ಪಿಝಡ್‌ಟಿ ಎಂಬ ಪೀಜೋ ಸೆರಾಮಿಕ್‌ನ ಬಿಲ್ಲೆ ಅಂಟಿಸಿ ಹಾನಿ ಪತ್ತೆಹಚ್ಚುವ ಬಗ್ಗೆ ನೀವು ಕಾರವಾರದಿಂದ ಕಳಿಸಿದ ಲೇಖನ ಓದಿದೆವು. ಈಗಿದ್ದಂತೆ ಪ್ರಕಟಿಸಲಾಗದು, ತಿದ್ದಿ ಕಳಿಸಿದರೆ ಖಂಡಿತ ತಗೊಳ್ಳುತ್ತೇವೆ.

ಮೊದಲೆರಡು ಪುಟ ಬರೀ 1880ರಲ್ಲಿ ಪೀಜೋ ಗುಣ ಕಂಡುಹಿಡಿದ ಕ್ಯೂರಿ ಸೋದರರ ಕಥೆ. ಬಿಲ್ಲೆಯನ್ನು ಒತ್ತಿದರೆ ವಿದ್ಯುತ್ತು, ವಿದ್ಯುತ್ತು ಕೊಟ್ಟರೆ ಮಿಡಿತ. ಇಷ್ಟು ಹೇಳಿ ಮುಂದೆ ಹೋಗಿ.

ಲೇಖನದ ಜೀವ ಇರುವುದು ನಾಲ್ಕನೇ ಪುಟದಲ್ಲಿ, ಎಡವಟ್ಟೂ ಅಲ್ಲೇ. ಮಳೆಗಾಲ ಕಳೆದ ಮೇಲೆ ಇಂಪೆಡೆನ್ಸ್ ರೇಖೆಯ (ಒಂದೊಂದು ಆವರ್ತನದಲ್ಲೂ ಬಿಲ್ಲೆ ವಿದ್ಯುತ್ತಿಗೆ ಒಡ್ಡುವ ತಡೆ) ಶಿಖರಗಳು ಸರಿದಿವೆ, ಹಳೆ ರೇಖೆಗೂ ಹೊಸದಕ್ಕೂ ಎಷ್ಟು ವ್ಯತ್ಯಾಸ ಎಂದು ಹೇಳುವ ಆರ್‌ಎಂಎಸ್‌ಡಿ ಏರಿದೆ, 'ಆದ್ದರಿಂದ ಪೈಪ್ ಸವೆದಿದೆ' ಎಂದಿದ್ದೀರಿ. ನಾಲ್ಕು ತಿಂಗಳ ಉಪ್ಪುಗಾಳಿ, ತೇವ ತಿಂದದ್ದು ಪೈಪನ್ನೋ, ಎಪಾಕ್ಸಿ ಅಂಟನ್ನೋ? ಆರ್‌ಎಂಎಸ್‌ಡಿಗೆ ಆ ಭೇದ ಗೊತ್ತಿಲ್ಲ. ಸಸೆಪ್ಟೆನ್ಸನ್ನು (ಬಿಲ್ಲೆ ಕೆಪಾಸಿಟರಿನಂತೆ ವಿದ್ಯುತ್ತಿಗೆ ದಾರಿ ಬಿಡುವ ಪ್ರಮಾಣ) ಆವರ್ತನದೆದುರು ಗೀಚಿ, ರೇಖೆಯ ಓಟ ನೋಡಿ. ಅಂಟು ಬಿಟ್ಟರೆ ಬಿಲ್ಲೆಯ ಮೇಲಿನ ಹಿಡಿತ ತಪ್ಪಿ ಕೆಪಾಸಿಟೆನ್ಸ್ (ವಿದ್ಯುತ್ತು ಹಿಡಿದಿಡುವ ಶಕ್ತಿ) ಹೆಚ್ಚುತ್ತದೆ, ರೇಖೆ ಕಡಿದಾಗುತ್ತದೆ. ಬಿಲ್ಲೆಯೇ ಮುರಿದು ಚೂರು ಹೋಗಿದ್ದರೆ ರೇಖೆ ಮಲಗುತ್ತದೆ. ಎರಡೂ ಇಲ್ಲದಿದ್ದರೆ ಆಮೇಲೆ ಪೈಪಿನ ಮೇಲೆ ಅನುಮಾನಪಡಿ.

ಅದಕ್ಕೂ ಮೊದಲು ಬಿಸಿಲಿನ ಲೆಕ್ಕ ಮುಗಿಸಬೇಕು. ಉಕ್ಕು ಬಿಸಿಯಾದರೆ ಶಿಖರಗಳು ತಾವಾಗಿ ಕೆಳಗಿನ ಆವರ್ತನದತ್ತ ಸರಿಯುತ್ತವೆ, ಬಿಲ್ಲೆಯ ಕೆಪಾಸಿಟೆನ್ಸೂ ಬದಲಾಗುತ್ತದೆ. ನೀವೋ ಬೆಳಿಗ್ಗೆ 7ರ ಅಳತೆಯನ್ನು ಮಧ್ಯಾಹ್ನ 2ರದ್ದಕ್ಕೆ ಹೋಲಿಸಿದ್ದೀರಿ! ಪೈಪ್ ಚೆನ್ನಾಗಿದ್ದಾಗಲೇ ನಾಲ್ಕಾರು ಉಷ್ಣತೆಗಳಲ್ಲಿ ಮೂಲ ಅಳತೆ ತೆಗೆದಿಟ್ಟುಕೊಳ್ಳಬೇಕು; ಹೊಸ ರೇಖೆಯನ್ನು ಹತ್ತಿರದ ಉಷ್ಣತೆಯ ರೇಖೆಯ ಮೇಲೆ ಆದಷ್ಟು ಕೂರುವಂತೆ ಸರಿಸಿ, ಆಮೇಲೆ ಆರ್‌ಎಂಎಸ್‌ಡಿ ತೆಗೆಯಿರಿ.

ಇನ್ನು ಪೈಪಿನಲ್ಲಿ ಅಲೆ ಓಡುವುದನ್ನು ಲೆಕ್ಕ ಹಾಕುವ ನಿಮ್ಮ ಕಂಪ್ಯೂಟರ್ ಮಾಡೆಲ್. 50 ಕಿಲೋಹರ್ಟ್ಸ್‌ನ ತಿರುಚು ಅಲೆ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 3,200 ಮೀಟರ್ ಓಡುತ್ತದೆ, ಅಂದರೆ ಅಲೆಯುದ್ದ 64 ಮಿ.ಮೀ. ನಿಮ್ಮ ಮೆಶ್ (ಮಾಡೆಲಿನಲ್ಲಿ ಪೈಪನ್ನು ಒಡೆದ ತುಣುಕಿನ ಅಳತೆ) 20 ಮಿ.ಮೀ., ಒಂದು ಅಲೆಗೆ ಮೂರೇ ತುಣುಕು. ಹತ್ತಾದರೂ ಬೇಕು, 6 ಮಿ.ಮೀ.ಗೆ ಇಳಿಸಿ. ಇಲ್ಲದಿದ್ದರೆ ಕಂಪ್ಯೂಟರಿನೊಳಗಿನ ಅಲೆ ತಪ್ಪು ವೇಗದಲ್ಲಿ ಓಡಿ, ತೂತು ಒಂದು ಕಡೆ, ನೀವು ಅಗೆಯುವುದು ಇನ್ನೊಂದು ಕಡೆ ಆಗುತ್ತದೆ. ಅಂದಹಾಗೆ, 2.5 ಮೀಟರ್ ದೂರದ ಹಾನಿಯ ಪ್ರತಿಧ್ವನಿಗೆ 0.78 ಮಿಲಿಸೆಕೆಂಡ್ ಬರೆದಿದ್ದೀರಿ. ಅದು ಹೋದ ಹೊತ್ತು ಮಾತ್ರ. ವಾಪಸ್ ಬರುವುದೂ ಸೇರಿ 1.56.

ಶಿರಸಿಯ ತೋಟದ ಪಿವಿಸಿ ಪೈಪಿಗೂ ಇದೇ ವಿಧಾನ ಸಾಕೆಂಬ ಕೊನೆಯ ಪ್ಯಾರಾ ತೆಗೆದುಬಿಡಿ. ಪ್ಲಾಸ್ಟಿಕ್ಕು ಈ ಅಲೆಗಳನ್ನು ಬೇಗ ನುಂಗುತ್ತದೆ. ಉಕ್ಕಿನ ಅಂಕಿ ಅಲ್ಲಿ ನಡೆಯದು. ಅಡಿಕೆ ಮರದ ಬುಡದಲ್ಲಿ ಒಡೆದ ಜಾಯಿಂಟನ್ನು ಒದ್ದೆ ನೆಲವೇ ತೋರಿಸುತ್ತದೆ, ಬಿಲ್ಲೆ ಯಾಕೆ?

ತಿದ್ದಿ ಕಳಿಸುವಾಗ ಸಸೆಪ್ಟೆನ್ಸ್ ರೇಖೆ, ಅಂಟಿನ ದಪ್ಪ, ಪ್ರತಿ ಅಳತೆಯ ಹೊತ್ತಿಗೆ ಪೈಪಿನ ಉಷ್ಣತೆ, ಈ ಮೂರೂ ಜೊತೆಗಿರಲಿ.

— ಸಂಪಾದಕರು