ಹೊಲ, ದನ, ಮನೆ ಎಲ್ಲ ನೋಡಿಕೊಳ್ಳುವ ಹೆಂಗಸರು ಸರ್ಕಾರಿ ಲೆಕ್ಕದಲ್ಲಿ ಯಾಕೆ ‘ದುಡಿಯುವವರು’ ಅಲ್ಲ?

ಎಲ್ಲರೂ ಹೊರಗುಳಿಯುವುದಿಲ್ಲ. ಗೆರೆ ಎಲ್ಲಿ ಎಳೆದಿದ್ದಾರೆ ಅನ್ನೋದೇ ವಿಷಯ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರಿಗೆ ಕೂಲಿ ಸಿಗುತ್ತದೆ, ಹಾಗಾಗಿ ಅವರು ಕಾರ್ಮಿಕರು. ಸ್ವಂತ ಹೊಲದಲ್ಲಿ ಅದೇ ಕಾಯಿ ಬಿಡಿಸಿ, ಕಣದಲ್ಲಿ ಹರವಿ ಒಣಗಿಸಿದರೆ ಪೈಸೆ ಇಲ್ಲ. ಆದರೂ ನಿಯಮದ ಪ್ರಕಾರ ಅದೂ ಕೆಲಸವೇ, ‘ಸಂಬಳವಿಲ್ಲದ ಸಹಾಯಕಿ’ ಅಂತ ಬರೆದುಕೊಳ್ಳಬೇಕು. ತಪ್ಪಿ ಹೋಗುವುದು ಇಲ್ಲೇ. ಸಮೀಕ್ಷೆಯವರು “ಏನ್ ಕೆಲಸ ಮಾಡ್ತೀರವ್ವಾ?” ಅಂದರೆ, “ಏನಿಲ್ರಿ, ಮನ್ಯಾಗ ಇರ್ತೀನಿ” ಅಂದುಬಿಡುತ್ತಾರೆ. ಎಷ್ಟೋ ಸಲ ಉತ್ತರ ಕೊಡುವುದು ಗಂಡನೋ ಮಾವನೋ.

ರೊಟ್ಟಿ ಬಡಿಯುವುದರ ಕಥೆ ಇನ್ನೂ ವಿಚಿತ್ರ. ಹುಬ್ಬಳ್ಳಿಯ ಖಾನಾವಳಿಗೆ ಬಡಿದು ಕೊಟ್ಟರೆ ಅದು ಜಿಡಿಪಿಗೆ, ಅಂದರೆ ದೇಶದ ಒಟ್ಟು ಉತ್ಪಾದನೆಯ ಲೆಕ್ಕಕ್ಕೆ, ಸೇರಬೇಕಾದ ದುಡಿಮೆ. ಮನೆಮಂದಿಗೆ ಬಡಿದರೆ ಇಲ್ಲ. ಬಟ್ಟೆ ಒಗೆಯುವುದು, ಮುದುಕರ ಆರೈಕೆ, ಎಲ್ಲದಕ್ಕೂ ಇದೇ ಗತಿ.

ಇದನ್ನೂ ಅಳೆಯೋಣ ಅಂತ 2019ರಲ್ಲಿ ದೇಶದ ತುಂಬ ಸಮಯ ಬಳಕೆ ಸಮೀಕ್ಷೆ ಮಾಡಿದರು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರದ್ದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರದ್ದು 97. ಎರಡೂ ಸರಾಸರಿ ಆ ಕೆಲಸಕ್ಕೆ ಕೈ ಹಚ್ಚಿದವರದ್ದಷ್ಟೇ. ಗಂಡಸರಲ್ಲಿ ಅಂಥವರು ನೂರಕ್ಕೆ ಸುಮಾರು 26 ಮಂದಿ.