ಮಳೆಗಾಲಕ್ಕೆ ನಿಂತ ಜೀಪು: ಚಾಸಿ, ಟೈರಿನ ಆರೈಕೆ

ಪ್ರಶ್ನೆ: ತೋಟದ ಹಳೆ ಜೀಪನ್ನು ಜೂನ್‌ನಿಂದ ನವೆಂಬರ್‌ವರೆಗೆ ಹೊರಗೇ ನಿಲ್ಲಿಸಬೇಕಾಗಿದೆ, ಶೆಡ್ಡಿಲ್ಲ. ಚಾಸಿಗೆ (ಗಾಡಿಯ ಅಡಿಯ ಟೊಳ್ಳು ಕಬ್ಬಿಣದ ಚೌಕಟ್ಟು) ಹಳೆ ಇಂಜಿನ್ ಆಯಿಲ್ ಬಳಿದು ಟಾರ್ಪಾಲ್ ಬಿಗಿದರೆ ಸಾಕೇ?
— ಓದುಗರು, ನಾಪೋಕ್ಲು

ಉತ್ತರ: ಎರಡೂ ಬೇಡ. ಹಳೆ ಆಯಿಲ್‌ನಲ್ಲಿ ಆಮ್ಲದ ಅಂಶ ಸೇರಿರುತ್ತದೆ. ತಾಗಿದರೆ ಸ್ಪ್ರಿಂಗ್ ಕೀಲುಗಳಲ್ಲಿರುವ ಬುಷ್‌ಗಳ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ತೊಟ್ಟಿಕ್ಕಿದ್ದು ತೋಟದ ಮಣ್ಣು ಸೇರುತ್ತದೆ. ಬಿಗಿದ ಟಾರ್ಪಾಲಿನೊಳಗೆ ನೆಲದ ತೇವ ಮೇಲೇರಿ ಲೋಹದ ಮೇಲೆ ಹನಿಗಟ್ಟುತ್ತದೆ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಅದು ಆರುವ ಮಾತೇ ಇಲ್ಲ.

ತೋಟದ ಜೀಪಿಗೆ ಮಳೆಗಿಂತ ಅದು ಹೊತ್ತ ಸರಕೇ ದೊಡ್ಡ ವೈರಿ. ಸಾಮಾನ್ಯವಾಗಿ ಬಳಸುವ ಪೊಟ್ಯಾಷ್ ಗೊಬ್ಬರ ಎಂದರೆ ಕ್ಲೋರೈಡ್ ಉಪ್ಪು, ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಸುತ್ತದೆ. ಬೋರ್ಡೋ (ಶಿಲೀಂಧ್ರ ರೋಗದ ಔಷಧಿ) ಸಿಂಪಡಣೆಯ ಮೈಲುತುತ್ತು ಚೆಲ್ಲಿದರೆ ಅದರ ತಾಮ್ರ ಕಬ್ಬಿಣದ ಮೇಲೆ ಕೂತು ಸುತ್ತಲಿನ ಲೋಹವನ್ನು ತಿನ್ನುತ್ತದೆ. ಆದ್ದರಿಂದ ಮೇ ತಿಂಗಳ ಬಿಸಿಲಿರುವಾಗಲೇ ಚಾಸಿಯ ಅಡಿಭಾಗ ತೊಳೆಯಿರಿ. ಚಾಸಿಯ ತಳದಲ್ಲಿ ನೀರಿಳಿಯುವ ತೂತುಗಳು ಕೆಸರಿನಿಂದ ಮುಚ್ಚಿರುತ್ತವೆ. ತಂತಿ ಹಾಕಿ ಬಿಡಿಸಿ, ತಿಳಿನೀರು ಬರುವವರೆಗೆ ಒಳಗೆ ಪೈಪು ಹಿಡಿಯಿರಿ. ತುಕ್ಕು ಹೊರಗೆ ಕಾಣುವ ಮೊದಲು ಒಳಗೇ ಕೊರೆದಿರುತ್ತದೆ. ಎರಡು ಮೂರು ದಿನ ಒಣಗಿಸಿ.

ತುಕ್ಕು ಕಂಡಲ್ಲಿ ವೈರ್ ಬ್ರಷ್‌ನಿಂದ ಉಜ್ಜಿ ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೋಟ್, ಅದು ಒಣಗಿದ ಮೇಲೆ ಎನಾಮಲ್ ಎರಡು ಕೋಟ್. ರೆಡ್ ಆಕ್ಸೈಡ್ ಬಳಿದು ಅಷ್ಟಕ್ಕೇ ಬಿಡುವವರೇ ಹೆಚ್ಚು. ಬರೀ ಪ್ರೈಮರ್ ತೇವ ಹೀರುತ್ತದೆ. ಚಾಸಿಯ ಒಳಕ್ಕೆ ಉದ್ದ ನಳಿಕೆಯ ವ್ಯಾಕ್ಸ್ ಸ್ಪ್ರೇ ಹೊಡೆಯಿರಿ, ತೂತುಗಳು ಮಾತ್ರ ತೆರೆದೇ ಇರಲಿ.

ಗಾಡಿ ನಿಲ್ಲಿಸುವಲ್ಲಿ ಕೆಳಗೆ ನಾಲ್ಕು ಇಂಚು ಜಲ್ಲಿ, ಮೇಲೆ ಇಳಿಜಾರಾಗಿ ಶೀಟು, ಬದಿಗಳಲ್ಲಿ ಗಾಳಿಯಾಡಲು ಜಾಗ. ಸಿಲ್ವರ್ ಓಕ್ ಅಡಿಯಲ್ಲಂತೂ ನಿಲ್ಲಿಸಬೇಡಿ, ಗಾಳಿಮಳೆಗೆ ಕೊಂಬೆ ಮುರಿದು ಬೀಳುತ್ತದೆ.

ಪ್ರಶ್ನೆ: ನಿಂತ ಗಾಡಿಯ ಟೈರಿಗೆ ಗಾಳಿ ಎಷ್ಟಿರಬೇಕು?
— ಓದುಗರು, ಸೋಮವಾರಪೇಟೆ

ಉತ್ತರ: ಗಾಡಿಯ ಭಾರವೇ ಟೈರಿನ ಮೇಲೆ ಬೀಳದಿದ್ದರೆ ಒಳ್ಳೆಯದು. ಆಕ್ಸಲ್ ಅಡಿಗೆ ಸ್ಟ್ಯಾಂಡ್ ಕೊಡಿ, ಅದರಡಿಗೆ ದಪ್ಪ ಹಲಗೆ ಹಾಕದಿದ್ದರೆ ಒದ್ದೆ ನೆಲದಲ್ಲಿ ಹೂತುಹೋಗುತ್ತದೆ. ಚಾಸಿಗೆ ಆನಿಸಿದರೆ ಸ್ಪ್ರಿಂಗ್ ಜೋತುಬೀಳುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕ್ ಬೇಡ, ಸುಳಿವೇ ಕೊಡದೆ ಒಡೆಯುತ್ತದೆ.

ಎತ್ತಲಾಗದಿದ್ದರೆ ಮಾಮೂಲಿಗಿಂತ ಐದಾರು ಪೌಂಡ್ ಹೆಚ್ಚು ಗಾಳಿ ತುಂಬಿ. ಟೈರಿನ ಬದಿಯಲ್ಲಿ ಬರೆದ ಗರಿಷ್ಠ ಮಿತಿ ಮೀರಬೇಡಿ. ತಿಂಗಳಿಗೊಮ್ಮೆ ಗಾಳಿ ನೋಡಿ, ಗಾಡಿಯನ್ನು ಒಂದಡಿ ಮುಂದೆ ತಳ್ಳಿ. ಇಲ್ಲದಿದ್ದರೆ ನೆಲ ತಾಗಿದ ಭಾಗ ಚಪ್ಪಟೆಯಾಗಿ ಓಡಿಸುವಾಗ ಕುಲುಕುತ್ತದೆ. ಹೊಳಪಿನ ಎಣ್ಣೆ ಹಚ್ಚದೆ ಸೋಪಿನ ನೀರಲ್ಲಿ ತೊಳೆದು, ಬಿಸಿಲು ತಾಗದಂತೆ ಗೋಣಿಚೀಲ ಹೊದಿಸಿ. ಬದಿಯ ಕೋಡ್‌ನ ಕೊನೆಯ ನಾಲ್ಕು ಅಂಕಿ 2318 ಎಂದಿದ್ದರೆ 2018ರ 23ನೇ ವಾರದ ಟೈರ್. ಅಷ್ಟು ಹಳೆಯದರಲ್ಲಿ ಬಿರುಕು ಕಂಡರೆ ಬದಲಿಸುವುದೇ ಸರಿ.

ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಮರ ಕೊಡಿ.