ಸ್ಪೈಡರ್ ಪ್ಲಾಂಟ್ ಮರಿ ಹಾಕದಿದ್ದರೆ ಗೊಬ್ಬರ ಬಿಡಿ, ಚಟ್ಟಿ ನೋಡಿ

ಉಡುಪಿಯಲ್ಲಿ ಮನೆಯ ಸಿಟೌಟ್‌ನಲ್ಲಿ ಇಟ್ಟ ಸ್ಪೈಡರ್ ಪ್ಲಾಂಟ್ ಎಲೆ ಚೆನ್ನಾಗಿ ಬಿಡ್ತಾ ಇದೆ, ಉದ್ದದ ದಂಟಿನಲ್ಲಿ ಬರುವ ಪುಟ್ಟ ಗಿಡ, ಅಂದರೆ ಮರಿ ಮಾತ್ರ ಒಂದೂ ಇಲ್ಲ, ಯಾವ ಗೊಬ್ಬರ ಹಾಕಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಯಾವುದೂ ಬೇಡ. ಗೊಬ್ಬರ ಜಾಸ್ತಿ ಸಿಕ್ಕಿದರೆ ಈ ಗಿಡ ಎಲೆ ಬೆಳೆಸಿಕೊಂಡು ಸುಮ್ನೆ ಕೂತುಬಿಡುತ್ತದೆ, ಎಲೆಯ ತುದಿಯೂ ಕಂದಾಗುತ್ತದೆ.

ಮೊದಲು ಚಟ್ಟಿ ನೋಡಿ. ಗಿಡವನ್ನು ಮಣ್ಣಿನ ಸಮೇತ ಮೆಲ್ಲ ಹೊರಗೆ ತೆಗೆಯಿರಿ. ಬಿಳಿ, ದಪ್ಪ, ಅಲ್ಲಲ್ಲಿ ಗೆಡ್ಡೆಯ ಹಾಗೆ ಉಬ್ಬಿದ ಬೇರುಗಳು ಚಟ್ಟಿಯ ಗೋಡೆಗೆ ತಾಗಿ ಸುತ್ತು ಹಾಕಿರಬೇಕು. ಬರೀ ಮಣ್ಣೇ ಕಾಣ್ತಾ ಇದ್ದರೆ ಚಟ್ಟಿ ದೊಡ್ಡದಾಯಿತು ಅಂತ ಅರ್ಥ, ಚಿಕ್ಕದಕ್ಕೆ ಬದಲಾಯಿಸಿ, ಇಲ್ಲಾಂದ್ರೆ ಬೇರು ತುಂಬುವ ತನಕ ಕಾಯಿರಿ. ಬೇರಿಗೆ ಸ್ವಲ್ಪ ಇಕ್ಕಟ್ಟಾದರೇನೇ ಇದು ಮರಿಯ ಕಡೆ ತಿರುಗುವುದು.

ಆಮೇಲೆ ರಾತ್ರಿಯ ಲೈಟು. ನಮ್ಮ ಕಡೆ ಸಿಟೌಟ್ ಬಲ್ಬು ಬೆಳಗಿನವರೆಗೂ ಉರೀತಾ ಇರುತ್ತದೆ ಅಲ್ವಾ, ಅದು ಈ ಗಿಡಕ್ಕೆ ಆಗುವುದಿಲ್ಲ. ಬೆಳಕು ದಿನಕ್ಕೆ 12 ಗಂಟೆಗಿಂತ ಕಮ್ಮಿ, ಉಳಿದ ಹೊತ್ತು ಪೂರ್ತಿ ಕತ್ತಲೆ, ಹೀಗೆ ಮೂರು ವಾರವಾದರೂ ಸಿಕ್ಕಿದರೆ ಮರಿ ಬರುವುದು ಸುಲಭ. ನಮ್ಮಲ್ಲಿ ಡಿಸೆಂಬರ್‌ನಲ್ಲಿ ಹಗಲು ಸುಮಾರು ಹನ್ನೊಂದೂವರೆ ಗಂಟೆ, ಜೂನ್‌ನಲ್ಲಿ ಹದಿಮೂರರ ಹತ್ತಿರ. ಹಾಗಾಗಿ ನವೆಂಬರ್‌ನಿಂದ ಜನವರಿ ತನಕ ಗಿಡವನ್ನು ಬಲ್ಬಿನಿಂದ ದೂರ ಇಡಿ. ಹಗಲು ಮಾತ್ರ ಒಳ್ಳೆಯ ಬೆಳಕು ಬೇಕು, ಮಧ್ಯಾಹ್ನದ ಬಿಸಿಲು ನೇರ ಬೀಳಬಾರದು.

ನೀರಿನ ವಿಷಯ ಚಿಕ್ಕದು. ಮೇಲಿನ ಮಣ್ಣು ಒಣಗಿದ ಮೇಲೆ ಹಾಕಿ, ಆ ಬೇರಿನಲ್ಲೇ ನೀರು ಕೂಡಿಟ್ಟಿರುತ್ತದೆ. ಮಳೆಗಾಲದಲ್ಲಿ ಮಾಡಿನ ನೀರು ಸುರಿಯುವ ಜಾಗದಲ್ಲಿ ಇಡಲೇಬೇಡಿ, ಕೊಳೆಯುತ್ತದೆ. ಬರೀ ಕೆಂಪು ಮಣ್ಣು ಗಟ್ಟಿಯಾಗುತ್ತದೆ, ಹೊಯಿಗೆ ಮತ್ತು ತೆಂಗಿನ ನಾರಿನ ಪುಡಿ ಸೇರಿಸಿ. ಕಡಲ ಹತ್ತಿರ ಮನೆಯಾಗಿ ಬಾವಿ ನೀರು ಉಪ್ಪಿದ್ದರೆ ಹಿಡಿದಿಟ್ಟ ಮಳೆನೀರೇ ಒಳ್ಳೆಯದು.

ಉದ್ದದ ದಂಟು ಬಂದಾಗ ಕತ್ತರಿಸಬೇಡಿ! ಅದರಲ್ಲಿ ಮೊದಲು ಆರು ಎಸಳಿನ ಪುಟ್ಟ ಬಿಳಿ ಹೂ ಬರುತ್ತದೆ, ಆಮೇಲೆ ಅದೇ ದಂಟಿನಲ್ಲಿ ಎಲೆಯ ಗೊಂಚಲು. ಅದೇ ಮರಿ. ಅದರ ಬುಡದಲ್ಲಿ ಸಣ್ಣ ಸಣ್ಣ ಬಿಳಿ ಮೊಳಕೆ ಬೇರು ಕಂಡ ಮೇಲೆ ಪಕ್ಕದಲ್ಲಿ ಇನ್ನೊಂದು ಚಿಕ್ಕ ಚಟ್ಟಿ ಇಟ್ಟು, ತಾಯಿಯಿಂದ ಬಿಡಿಸದೆ ಮಣ್ಣಿಗೆ ತಾಗಿಸಿ. ನಾನು ಹಸಿ ತೆಂಗಿನ ಗರಿಯ ಕಡ್ಡಿಯನ್ನು ಬಗ್ಗಿಸಿ ದಂಟಿನ ಮೇಲೆ ಚುಚ್ಚಿಡುತ್ತೇನೆ, ಮರಿ ಅಲುಗಾಡುವುದಿಲ್ಲ. ಒಣಗಿದ ಹಿಡಿಸೂಡಿ ಕಡ್ಡಿ ತೆಗೆದುಕೊಂಡರೆ ಮುರಿದುಹೋಗುತ್ತದೆ. ಕೆಲವು ವಾರ ಬಿಟ್ಟು ಮರಿಯನ್ನು ಮೆಲ್ಲ ಎಳೆದು ನೋಡಿ, ಬಿಗಿ ಹಿಡಿದಿದ್ದರೆ ದಂಟು ಕತ್ತರಿಸಬಹುದು.

ನಿಮ್ಮ ಚಟ್ಟಿ ಎಷ್ಟು ದೊಡ್ಡದು, ರಾತ್ರಿ ಬಲ್ಬು ಉರಿಯುತ್ತದಾ ಅಂತ ಬರೆಯಿರಿ.